ಸುರಂಗ ತೋಡುವ ಆಟ: ಮನೆಯಲ್ಲೇ ಒಂದು ಕನ್ನಡದ ಆಟವನ್ನು ರೂಪಿಸುವುದು ಹೇಗೆ?

ಮನೆಮಂದಿಯೆಲ್ಲ ಸುತ್ತ ಕುಳಿತು ಆಡುವ ಆಟಗಳ ಪೆಟ್ಟಿಗೆಗಳು ಈಗ ನಮ್ಮ ಸಣ್ಣ ಪೇಟೆಗಳ ಅಂಗಡಿಗಳಲ್ಲೂ ದೊರೆಯುತ್ತವೆ. ಪೆಟ್ಟಿಗೆಯ ಮೇಲಿನ ಹೆಸರು ಇಂಗ್ಲಿಷಿನಲ್ಲಿ, ಒಳಗಿನ ನಿಯಮಪತ್ರವೂ ಇಂಗ್ಲಿಷಿನಲ್ಲಿ. ಹಲಗೆಯ ಮೇಲೆ ಅಚ್ಚಾದ ಊರುಗಳು ಮುಂಬಯಿ, ದೆಹಲಿ, ಕೆಲವೊಮ್ಮೆ ಲಂಡನ್. ಕನ್ನಡದಲ್ಲಿ ನಿಯಮ ಮುದ್ರಿಸಿದ ಒಂದು ಪೆಟ್ಟಿಗೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಗಡಿಯಾಚೆ ಇರುವ ಕೆಲವೇ ಸಾವಿರ ಮಕ್ಕಳಿಗಾಗಿ ಅಂಥ ಪೆಟ್ಟಿಗೆಯನ್ನು ಯಾವ ಕಂಪೆನಿಯೂ ತಯಾರಿಸುವುದಿಲ್ಲ. ಆದ್ದರಿಂದ ಅದನ್ನು ನಾವೇ ತಯಾರಿಸಿಕೊಳ್ಳಬೇಕು. ಅದು ಸಾಧ್ಯವೇ, ಹೇಗೆ ಸಾಧ್ಯ, ತಯಾರಿಸಿದ್ದನ್ನು ಇತರರೊಂದಿಗೆ ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಕನ್ನಡ ಮಾಧ್ಯಮದ ಪೋಷಕರಿಗೆ ವಿವರಿಸುವುದು ಈ ಬರಹದ ಉದ್ದೇಶ.

ಆಟಕ್ಕೂ ಮಾಧ್ಯಮದ ಪ್ರಶ್ನೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮ ಶಾಲೆಗಳ ಒಂದನೆಯ ತರಗತಿಗೆ ಬರುವ ಮಗುವಿನ ಮನೆಮಾತು ತುಳುವಾಗಿರಬಹುದು, ಹವ್ಯಕ ಕನ್ನಡವಾಗಿರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳವೂ ಆಗಿರಬಹುದು. ಬಸ್ಸಿನ ಫಲಕ, ಪಂಚಾಯತು ಕಚೇರಿಯ ಅರ್ಜಿ, ಆಸ್ಪತ್ರೆಯ ಚೀಟಿ ಮಲಯಾಳದಲ್ಲಿ. ಶಾಲೆಯ ಕನ್ನಡವಾದರೋ ಪಾಠಪುಸ್ತಕದ ಹೊದಿಕೆಯೊಳಗೆ ಉಳಿದುಬಿಡುತ್ತದೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಷ್ಟು ಕನ್ನಡ ನಮ್ಮ ಮಕ್ಕಳಿಗಿದೆ. ಆದರೆ ‘ನೀನು ಮೋಸ ಮಾಡಿದೆ’, ‘ಸ್ವಲ್ಪ ತಡೆ, ಅದನ್ನು ಈಗಲೇ ಖರ್ಚು ಮಾಡಬೇಡ’, ‘ಹಾಗೆ ಮಾಡಿದರೆ ನಾಳೆ ನಮಗೆ ಏನೂ ಉಳಿಯದು’ ಎಂದು ಕನ್ನಡದಲ್ಲಿ ವಾದಿಸುವ ಸಂದರ್ಭ ಅವರಿಗೆ ಒದಗುವುದೇ ಇಲ್ಲ. ವಾದಿಸದ, ಚೌಕಾಸಿ ಮಾಡದ, ನಗದ ಭಾಷೆ ಮಗುವಿನ ಪಾಲಿಗೆ ಒಂದು ವಿಷಯ ಮಾತ್ರ ಆಗಿರುತ್ತದೆ. ವಿಷಯವನ್ನು ಬದಲಿಸುವುದು ಸುಲಭ. ಇಂಗ್ಲಿಷ್ ಮಾಧ್ಯಮಕ್ಕೆ ಮಗುವನ್ನು ಸೇರಿಸುವ ತೀರ್ಮಾನ ಅಲ್ಲಿಂದಲೇ ಆರಂಭವಾಗುತ್ತದೆ. ಜೂನ್ ತಿಂಗಳಲ್ಲಿ ತಲೆ ಎಣಿಸುವಾಗ ಡಿವಿಷನ್ ಕಡಿತವಾಗುತ್ತದೆ. ಶಿಕ್ಷಕರ ಹುದ್ದೆಯೂ ಅದರೊಂದಿಗೆ ಹೋಗುತ್ತದೆ. ಒಂದು ಆಟ ಇದನ್ನೆಲ್ಲ ತಡೆದೀತೆಂದು ನಾವು ಹೇಳುವುದಿಲ್ಲ. ಕನ್ನಡವನ್ನು ಓದಿ, ಕೂಡಲೇ ಅದರಂತೆ ನಡೆದುಕೊಳ್ಳಬೇಕಾದ ಅರ್ಧ ಗಂಟೆಯೊಂದನ್ನು ಅದು ಮನೆಯೊಳಗೆ ತರುತ್ತದೆ ಎಂಬುದಷ್ಟೇ ನಮ್ಮ ಮಾತು.

ಆಟ ರೂಪಿಸುವುದೆಂದರೆ ಚಿತ್ರ ಬರೆಯುವುದಲ್ಲ. ಬಹುಪಾಲು ಪೋಷಕರು ಹಾವು-ಏಣಿಯ ಹಲಗೆಯೊಂದನ್ನು ತೆಗೆದುಕೊಂಡು, ಚೌಕಗಳಲ್ಲಿ ಗಾದೆಗಳನ್ನೋ ಕವಿಗಳ ಹೆಸರುಗಳನ್ನೋ ಬರೆದು ‘ಕನ್ನಡ ಆಟ’ ಎನ್ನುತ್ತಾರೆ. ಹಾವು-ಏಣಿ ನಮ್ಮದೇ ನೆಲದ ಆಟ. ಪಾಪಪುಣ್ಯಗಳ ಮೆಟ್ಟಿಲುಗಳನ್ನು ತೋರಿಸುವ ಪರಮಪದ ಸೋಪಾನ ಪಟ, ಜ್ಞಾನ ಚೌಪಡ್ ಎಂಬ ರೂಪಗಳಿಂದ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿಗೆ ಹೋಗಿ, ಬಣ್ಣ ಬದಲಿಸಿಕೊಂಡು ಮರಳಿ ಬಂತು. ಆದರೆ ಅದರಲ್ಲಿ ಆಡುವವನು ತೀರ್ಮಾನಿಸಬೇಕಾದದ್ದು ಒಂದೂ ಇಲ್ಲ. ದಾಳ ಹೇಳಿದಷ್ಟು ಮನೆ ನಡೆಯುವುದು, ಹಾವಿದ್ದರೆ ಇಳಿಯುವುದು, ಅಷ್ಟೆ. ವಿಧಿಯನ್ನು ಬೋಧಿಸಲು ಹುಟ್ಟಿದ ಆಟಕ್ಕೆ ಅದು ತಕ್ಕದ್ದೇ. ಮಾತು ಹುಟ್ಟಿಸಬೇಕೆಂಬ ಆಟಕ್ಕೆ ಅದು ಸಾಲದು, ಏಕೆಂದರೆ ಆಯ್ಕೆಯಿಲ್ಲದೆಡೆ ಚರ್ಚಿಸಲು ಏನೂ ಇರುವುದಿಲ್ಲ. ಆಡು-ಹುಲಿ ಆಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ದಾಳವೇ ಇಲ್ಲ. ಹುಲಿಗಳು ಕೆಲವೇ, ಆಡುಗಳು ಹೆಚ್ಚು. ಹುಲಿ ಹಾರಿ ತಿನ್ನುತ್ತದೆ, ಆಡುಗಳು ಗುಂಪಾಗಿ ಸುತ್ತುವರಿದು ಅದನ್ನು ಕಟ್ಟಿಹಾಕುತ್ತವೆ. ಪ್ರತಿಯೊಂದು ನಡೆಯಲ್ಲೂ ಆಯ್ಕೆಯಿದೆ, ಆಯ್ಕೆಗೆ ಬೆಲೆಯಿದೆ.

ಹೀಗೆ ನೋಡಿದರೆ ಒಂದು ಆಟಕ್ಕೆ ಬೇಕಾದುವು ನಾಲ್ಕೇ: ತಲುಪಬೇಕಾದ ಗುರಿ, ಆ ಗುರಿಗೆ ಅಡ್ಡ ಬರುವ ಕೊರತೆ, ಆಡುವವನ ಕೈಯಲ್ಲಿರುವ ಆಯ್ಕೆ, ಮತ್ತು ಮುಂದೇನೆಂದು ತಿಳಿಯದಿರುವಷ್ಟು ಅನಿಶ್ಚಿತತೆ. ನಮ್ಮ ಚೆನ್ನೆಮಣೆಯಲ್ಲಿ ಇವೆಲ್ಲ ಇವೆ. ಎರಡು ಸಾಲುಗಳಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಎದುರಾಳಿಯ ಯೋಚನೆಯೇ ಅನಿಶ್ಚಿತತೆ. ಸೋತವರ ಸಿಟ್ಟು ಎಲ್ಲಿಗೆ ಮುಟ್ಟಬಹುದೆಂಬುದನ್ನೂ ತುಳುನಾಡು ಮರೆತಿಲ್ಲ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅವಳಿ ಸಹೋದರಿಯರು ಚೆನ್ನೆ ಆಡುತ್ತ ಜಗಳವಾಡಿ, ಮಣೆಯ ಪೆಟ್ಟಿಗೇ ಒಬ್ಬಳು ಬಲಿಯಾಗುತ್ತಾಳೆ. ಒಡಹುಟ್ಟಿದವರು ಎದುರುಬದುರಾಗಿ ಚೆನ್ನೆ ಆಡಬಾರದೆಂದು ಅಜ್ಜಿಯಂದಿರು ಇಂದಿಗೂ ಹೇಳುವುದುಂಟು.

ಹೊಸ ಆಟಗಳನ್ನು ಕಟ್ಟುವ ಹವ್ಯಾಸವೂ ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ವಿಷಯದಲ್ಲಿ ಒಬ್ಬ ದೊಡ್ಡ ಹವ್ಯಾಸಿ. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಛದ ಎಂದು ಕರೆಯುವ ಗಂಜೀಫ ಎಲೆಯಾಟಗಳ ಅನೇಕ ಹೊಸ ಬಗೆಗಳನ್ನು ಅವರು ರೂಪಿಸಿದರು. ಕೆಲವಕ್ಕೆ ಮುನ್ನೂರಕ್ಕೂ ಮಿಕ್ಕಿ ಎಲೆಗಳು ಬೇಕು. ಅರಮನೆಯ ಬಿಡುವು ಇದ್ದವರಿಗೆ ಮಾತ್ರ ಒಗ್ಗುವ ಆಟ ಅದು ಎಂಬುದು ನಮ್ಮ ಅನಿಸಿಕೆ. ನಮ್ಮ ಮನೆಗಳಿಗೆ 36 ಎಲೆ ಸಾಕು.

ನಾವು ಕೆಲವು ಶಿಕ್ಷಕರೂ ಪೋಷಕರೂ ಸೇರಿ ಮಕ್ಕಳೊಂದಿಗೆ ಕಟ್ಟಿದ ಆಟದ ಹೆಸರು ‘ಸುರಂಗ’. ನೀರಿಗಾಗಿ ಗುಡ್ಡದ ಬದಿಯನ್ನು ಅಡ್ಡಲಾಗಿ ಕೊರೆಯುವ ಸುರಂಗಗಳನ್ನು ಬಾಯಾರು, ಶೇಣಿ ಕಡೆಯ ಮಕ್ಕಳು ದಿನವೂ ಕಾಣುತ್ತಾರೆ. ಮುರಕಲ್ಲಿನಲ್ಲಿ ಒಬ್ಬ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಒಳಗೆ ಒರತೆ ಸಿಕ್ಕಿದರೆ ನೀರು ಯಾವ ಪಂಪೂ ಇಲ್ಲದೆ ತಾನಾಗಿ ಹೊರಗೆ ಹರಿದುಬರುತ್ತದೆ. ಉದ್ದವಾದ ಸುರಂಗಕ್ಕೆ ಮೇಲಿನಿಂದ ಗಾಳಿಗಂಡಿ ಬೇಕು. ಒಳಗಿನ ಗಾಳಿ ಸಾಲದಾದಾಗ ದೀಪ ಮಂಕಾಗಿ ಎಚ್ಚರಿಸುತ್ತದೆ. ಇಷ್ಟು ವಿವರಗಳಲ್ಲಿ ಆಟದ ನಾಲ್ಕು ಅಂಗಗಳೂ ಸಿದ್ಧವಾಗಿಯೇ ಇವೆ ಎಂಬುದನ್ನು ಗಮನಿಸಿ. ಗುರಿ ನೀರು, ಕೊರತೆ ಆಳಿನ ಶಕ್ತಿ ಮತ್ತು ದಿನಗಳು, ಆಯ್ಕೆ ಎಲ್ಲಿ ಕೊರೆಯಬೇಕೆಂಬುದು, ಅನಿಶ್ಚಿತತೆ ಗುಡ್ಡದ ಹೊಟ್ಟೆ. ಆಟಕ್ಕೆ ವಸ್ತು ಹುಡುಕುವಾಗ ಇದೇ ಉಪಾಯ: ಹಿರಿಯರು ‘ಅದೊಂದು ಕಷ್ಟದ ಕೆಲಸ ಮಾರಾಯ್ರೇ’ ಎಂದು ಹೇಳುವ ಯಾವುದೇ ಕಸುಬಿನೊಳಗೆ ಆಟವೊಂದು ಅಡಗಿರುತ್ತದೆ.

ನಿಯಮಗಳು ಹೀಗಿವೆ. ಹಳೆಯ ಮದುವೆ ಕಾಗದಗಳ ಬಿಳಿಯ ಬೆನ್ನನ್ನು ಕತ್ತರಿಸಿ 36 ಚೀಟಿ ಮಾಡಿಕೊಳ್ಳಬೇಕು. 14 ಚೀಟಿಗಳ ಮೇಲೆ ಮುರಕಲ್ಲು, 10ರ ಮೇಲೆ ಮೆದುಮಣ್ಣು, 8ರ ಮೇಲೆ ಒರತೆ, 4ರ ಮೇಲೆ ಕರಿಬಂಡೆ ಎಂದು ಬರೆಯಬೇಕು. ಕಲಸಿ, ಹದಿನೆಂಟರಂತೆ ಎರಡು ಅಟ್ಟಿಗಳಾಗಿ ಬೋರಲು ಇಟ್ಟರೆ ಎಡಗುಡ್ಡ, ಬಲಗುಡ್ಡ ಸಿದ್ಧ. ನಾಲ್ವರು ಆಡುವುದಾದರೆ ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಮಂಜೊಟ್ಟಿ. ಅದು ಅವರ ಆ ದಿನದ ದುಡಿಮೆ. ಇಬ್ಬರೇ ಇದ್ದರೆ ತಲಾ ನಾಲ್ಕು. ಉಳಿದ ಬೀಜವನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದು. ಸರದಿ ಬಂದವರು ಒಂದು ಗುಡ್ಡದ ಮೇಲಿನ ಚೀಟಿಯನ್ನು ಮಗುಚಬೇಕು. ಮುರಕಲ್ಲಿಗೆ ಎರಡು ಬೀಜ, ಮೆದುಮಣ್ಣಿಗೂ ಒರತೆಗೂ ಒಂದೊಂದು, ಕರಿಬಂಡೆಗೆ ನಾಲ್ಕು. ಕೈಯಲ್ಲಿರುವುದು ಸಾಲದಿದ್ದರೆ ಉಳಿದವರಿಂದ ಕೇಳಿ ಪಡೆಯಬಹುದು. ಆಗಲೂ ಸಾಲದಿದ್ದರೆ ಚೀಟಿ ಅಲ್ಲೇ ತೆರೆದಿರುತ್ತದೆ. ಅದನ್ನು ತೀರಿಸದೆ ಆ ಗುಡ್ಡದಲ್ಲಿ ಮುಂದುವರಿಯಬಾರದು. ಒಂದೇ ಗುಡ್ಡದಲ್ಲಿ ಎರಡು ಮೆದುಮಣ್ಣು ಒಂದರ ಹಿಂದೊಂದು ಬಂದರೆ ಕುಸಿತ. ಆ ದಿನ ಅಲ್ಲಿ ಇನ್ನು ಕೆಲಸವಿಲ್ಲ. ಪ್ರತಿ ನಾಲ್ಕು ಚೀಟಿಗೊಮ್ಮೆ ದೀಪ ಆರುತ್ತದೆ. ಮೂರು ಬೀಜ ಕೊಟ್ಟು ಗಾಳಿಗಂಡಿ ತೋಡದೆ ಐದನೆಯದನ್ನು ಮಗುಚಬಾರದು. ಆರು ದಿನಗಳೊಳಗೆ ಮೂರು ಒರತೆ ಸಿಕ್ಕಿದರೆ ಎಲ್ಲರೂ ಗೆದ್ದಂತೆ. ಸಿಗದಿದ್ದರೆ ಎಲ್ಲರೂ ಸೋತಂತೆ.

ಎಲ್ಲರೂ ಕೂಡಿ ಗೆಲ್ಲುವ, ಕೂಡಿ ಸೋಲುವ ಈ ಬಗೆ ಮಣೆಯಾಟಗಳಲ್ಲಿ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ಅಮೆರಿಕದ ಮ್ಯಾಟ್ ಲೀಕಾಕ್ ರೂಪಿಸಿದ, 2008ರಲ್ಲಿ ಹೊರಬಂದ ‘ಪ್ಯಾಂಡೆಮಿಕ್’ ಇದರ ಪ್ರಸಿದ್ಧ ಉದಾಹರಣೆ. ಅಲ್ಲಿ ಆಡುವವರೆಲ್ಲ ಸೇರಿ ಸಾಂಕ್ರಾಮಿಕ ರೋಗಗಳ ವಿರುದ್ಧ ಹೋರಾಡುತ್ತಾರೆ. ಆದರೆ ಈ ಬಗೆಗೆ ಒಂದು ಕಾಯಿಲೆ ಅಂಟಿಕೊಂಡೇ ಇದೆ. ಗುಂಪಿನಲ್ಲಿ ಹಿರಿಯನೋ ಜಾಣನೋ ಆದವನು ಎಲ್ಲರ ಸರದಿಯನ್ನೂ ತಾನೇ ಆಡುತ್ತಾನೆ. ಉಳಿದವರು ಅವನು ಹೇಳಿದ ಚೀಟಿಯನ್ನು ಎತ್ತುವ ಕೈಗಳಾಗುತ್ತಾರೆ. ನಮ್ಮ ಮನೆಗಳಲ್ಲಿ ಆ ಹಿರಿಯ ಸಾಮಾನ್ಯವಾಗಿ ಅಪ್ಪ. ಇದಕ್ಕೆ ಮದ್ದು, ಒಬ್ಬರಿಗೆ ಮಾತ್ರ ತಿಳಿದಿರುವ ಸಂಗತಿಯೊಂದನ್ನು ಆಟದೊಳಗೆ ಇಡುವುದು.

‘ಸುರಂಗ’ದಲ್ಲಿ ಅದಕ್ಕಾಗಿ ಕಿವಿಗೊಡುವ ನಿಯಮವಿದೆ. ಒಂದು ಬೀಜ ಕೊಟ್ಟವರು ಒಂದು ಗುಡ್ಡದ ಮೇಲಿನ ಚೀಟಿಯನ್ನು ತಾವೊಬ್ಬರೇ ನೋಡಬಹುದು. ನೋಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಚೀಟಿಯ ಮೇಲೆ ಬರೆದ ಶಬ್ದವನ್ನು ಬಳಸಬಾರದು. ‘ಮುಟ್ಟಿದರೆ ಉದುರುತ್ತದೆ’ ಎನ್ನಬಹುದು, ‘ಅಜ್ಜನ ತಲೆಯಂತಿದೆ’ ಎಂದೂ ಹೇಳಿದ್ದುಂಟು. ಈ ವಾಕ್ಯ ಯಾವ ಭಾಷೆಯಲ್ಲಿರಬೇಕು ಎಂಬುದರ ಬಗ್ಗೆ ನಮ್ಮ ಬಳಗದಲ್ಲಿ ದೀರ್ಘ ಚರ್ಚೆ ನಡೆಯಿತು. ಕನ್ನಡದಲ್ಲೇ ಹೇಳಬೇಕು, ಬೇರೆ ಭಾಷೆಯಾದರೆ ಬೀಜ ದಂಡ ಎಂದು ಕೆಲವರು ಸೂಚಿಸಿದರು. ನಾವು ಒಪ್ಪಲಿಲ್ಲ. ಮನೆಮಾತಿಗೆ ದಂಡ ಹಾಕುವುದು ಏನೆಂಬುದನ್ನು ಭಾಷಾ ಅಲ್ಪಸಂಖ್ಯಾತರಾದ ನಮಗೆ ಯಾರೂ ಕಲಿಸಬೇಕಿಲ್ಲ. ಅದನ್ನೇ ತುಳು ಮಗುವಿಗೆ ನಾವು ಮಾಡುವುದು ತರವಲ್ಲ. ಕೊನೆಗೆ ನಿಂತ ನಿಯಮ ಇದು: ಸುಳಿವನ್ನು ಯಾವ ಭಾಷೆಯಲ್ಲಾದರೂ ಕೊಡಬಹುದು, ಆದರೆ ಅಗೆಯಲು ಹೊರಟವರು ತಮಗೆ ಅರ್ಥವಾದುದನ್ನು ಕನ್ನಡದಲ್ಲಿ ಒಮ್ಮೆ ಹೇಳಿ, ಆಮೇಲೆ ಚೀಟಿ ಮಗುಚಬೇಕು. ಪ್ರತಿ ಸುಳಿವಿಗೂ ಒಂದು ಅನುವಾದ. ಮಲಯಾಳ ಮಾತ್ರ ಬಲ್ಲ ನೆರೆಮನೆಯ ಮಗುವೂ ಆಟದಲ್ಲಿ ಕೂರಬಹುದು, ಮತ್ತು ಅದು ಮಂಜಾಡಿ ಎನ್ನುವುದನ್ನೇ ಇವರು ಮಂಜೊಟ್ಟಿ ಎನ್ನುತ್ತಾರೆಂದು ಎರಡೂ ಕಡೆಯವರಿಗೆ ತಿಳಿಯುತ್ತದೆ.

ಇನ್ನು ಲೆಕ್ಕ. ಆಟ ತೀರಾ ಸುಲಭವಾದರೆ ಎರಡನೆಯ ಬಾರಿ ಯಾರೂ ಆಡುವುದಿಲ್ಲ. ಗೆಲ್ಲಲು ಸಾಧ್ಯವೇ ಇಲ್ಲದಿದ್ದರೂ ಹಾಗೆಯೇ. ಆರನೆಯ ತರಗತಿಯ ಮಗು ಇದನ್ನು ತೂಗಿ ನೋಡಬಲ್ಲದು. 36 ಚೀಟಿಗಳನ್ನೂ ಅಗೆಯಲು ಎಷ್ಟು ಬೀಜ ಬೇಕು? ಮುರಕಲ್ಲಿಗೆ 28, ಮೆದುಮಣ್ಣಿಗೆ 10, ಒರತೆಗೆ 8, ಕರಿಬಂಡೆಗೆ 16, ಒಟ್ಟು 62. ಗುಡ್ಡಕ್ಕೆ ನಾಲ್ಕರಂತೆ ಎಂಟು ಗಾಳಿಗಂಡಿ, ಅದಕ್ಕೆ 24. ಎಲ್ಲ ಸೇರಿ 86. ನಮ್ಮಲ್ಲಿರುವುದು ನಾಲ್ವರಿಗೆ ಎರಡರಂತೆ ಆರು ದಿನಕ್ಕೆ 48. ಅಂದರೆ ಒಂದು ಬೀಜವೂ ಪೋಲಾಗದಿದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಅಗೆಯಬಹುದು, ಎಂಟು ಒರತೆಗಳಲ್ಲಿ ಸುಮಾರು ನಾಲ್ಕನ್ನು ನಿರೀಕ್ಷಿಸಬಹುದು. ಕಿವಿಗೊಡಲು ಕೊಟ್ಟದ್ದು, ದಿನದ ಕೊನೆಗೆ ವ್ಯರ್ಥವಾದದ್ದು, ಕುಸಿತದಿಂದ ನಿಂತದ್ದು ಇವನ್ನೆಲ್ಲ ಕಳೆದರೆ ಮೂರು. ಗುರಿಯನ್ನು ಮೂರಕ್ಕೆ ನಿಲ್ಲಿಸಿದ್ದು ಈ ಕಾರಣದಿಂದ. ಸಣ್ಣ ಮಕ್ಕಳಿಗೆ ಏಳು ದಿನ ಕೊಡಿ. ಹೈಸ್ಕೂಲಿನವರಿಗೆ ನಾಲ್ಕು ಒರತೆಯ ಗುರಿ ಇಡಿ. ಎರಡು ಅಂಕಿಗಳನ್ನು ಒಟ್ಟಿಗೆ ಬದಲಿಸಬೇಡಿ, ಆಗ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕಾಗದದ ಮೇಲಿನ ಲೆಕ್ಕ ಆಟದ ಅರ್ಧ ಭಾಗ ಮಾತ್ರ. ಉಳಿದರ್ಧ ಆಡಿಸಿ ನೋಡುವುದರಲ್ಲಿದೆ. ಜರ್ಮನಿಯ ಕ್ಲಾಸ್ ಟಾಯ್ಬರ್ ವೃತ್ತಿಯಿಂದ ಹಲ್ಲಿನ ಕಟ್ಟು ತಯಾರಿಸುವ ತಂತ್ರಜ್ಞ. ಬಿಡುವಿನಲ್ಲಿ ಆಟಗಳನ್ನು ಕಟ್ಟಿ ಹೆಂಡತಿ-ಮಕ್ಕಳೊಂದಿಗೆ ಆಡಿ ತಿದ್ದುತ್ತಿದ್ದರು. ಅವರ ‘ಕಟಾನ್’ 1995ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಆ ದೇಶದಲ್ಲಿ ವರ್ಷದ ಆಟಕ್ಕೆ 1979ರಿಂದ ಪ್ರಶಸ್ತಿ ಕೊಡುತ್ತಿದ್ದಾರೆ. ಗೋಟಿಂಗೆನ್ ನಗರದಲ್ಲಿ ಆಟ ಕಟ್ಟುವವರು ತಮ್ಮ ಇನ್ನೂ ಅಚ್ಚಾಗದ ಆಟಗಳನ್ನು ತಂದು ಒಬ್ಬರು ಇನ್ನೊಬ್ಬರದನ್ನು ಆಡಿನೋಡುವ ಕೂಟ ದಶಕಗಳಿಂದ ನಡೆದಿದೆ. ನಮ್ಮಲ್ಲಿ ಊರ ಗ್ರಂಥಾಲಯದ ಒಂದು ಮೇಜು, ಆಟಿಯ ಮಳೆಯಿಂದಾಗಿ ಕೊಟ್ಟ ರಜೆಯ ಒಂದು ಮಧ್ಯಾಹ್ನ ಇಷ್ಟೇ ಬೇಕಾಗಿರುವುದು. ಆಡಿಸಿ ನೋಡುವಾಗ ಕಟ್ಟಿದವರು ಬಾಯಿ ಮುಚ್ಚಿಕೊಂಡಿರಬೇಕು. ನಿಯಮಪತ್ರವನ್ನು ಬೇರೊಂದು ಮನೆಯವರ ಕೈಗೆ ಕೊಟ್ಟು ದೂರ ಕೂತು ನೋಡಬೇಕು. ಅವರು ಎಲ್ಲಿ ತಡವರಿಸಿದರು, ಎಲ್ಲಿ ಮಗು ಆಕಳಿಸಿತು, ಯಾವ ಕ್ಷಣದಲ್ಲಿ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು ಎಂಬುದನ್ನು ಬರೆದುಕೊಳ್ಳಬೇಕು. ‘ಹೇಗಿತ್ತು?’ ಎಂದು ಕೇಳಿದರೆ ನೆಂಟರು ‘ಲಾಯ್ಕಿತ್ತು’ ಎಂದೇ ಹೇಳುತ್ತಾರೆ, ಅದರಿಂದ ಪ್ರಯೋಜನವಿಲ್ಲ. ‘ಇನ್ನೊಮ್ಮೆ ಆಡೋಣವೇ?’ ಎಂದು ಮಕ್ಕಳು ತಾವಾಗಿ ಕೇಳುತ್ತಾರೆಯೇ ಎಂದು ಕಾದು ನೋಡಿ.

ನಿಯಮಪತ್ರವನ್ನು ಮಕ್ಕಳೇ ಬರೆಯಲಿ. ಶಿಕ್ಷಕರಾಗಿ ಈ ಇಡೀ ಕೆಲಸದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಭಾಗ. ಪ್ರಬಂಧದಲ್ಲಿ ತಪ್ಪು ವಾಕ್ಯ ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ, ಮಗು ಅದನ್ನು ಮರೆಯುತ್ತದೆ. ನಿಯಮಪತ್ರದಲ್ಲಿ ತಪ್ಪು ವಾಕ್ಯ ಬರೆದರೆ ಪಕ್ಕದ ಮನೆಯವರು ಆಟವನ್ನೇ ತಪ್ಪಾಗಿ ಆಡುತ್ತಾರೆ, ಮಗು ಅದನ್ನು ಕಣ್ಣಾರೆ ನೋಡುತ್ತದೆ. ‘ಬೀಜ ಇದ್ದರೆ ಅಗೆಯುವುದು’ ಎಂದು ಬರೆದರೆ, ಅಗೆಯಲೇಬೇಕೋ, ಇಷ್ಟವಿದ್ದರೆ ಅಗೆಯಬಹುದೋ? ಅಗೆಯಬೇಕು, ಅಗೆಯಬಹುದು, ಅಗೆಯಬಾರದು, ಅಗೆಯಬೇಕಿಲ್ಲ ಎಂಬ ನಾಲ್ಕು ರೂಪಗಳಲ್ಲಿ ಯಾವುದೊಂದನ್ನೂ ಇನ್ನೊಂದರ ಜಾಗದಲ್ಲಿ ಇಡುವಂತಿಲ್ಲ. ವ್ಯಾಕರಣದ ಪಾಠದಲ್ಲಿ ವಿಧ್ಯರ್ಥ, ನಿಷೇಧಾರ್ಥ ಎಂದು ಕಂಠಪಾಠ ಮಾಡಿಸುವುದಕ್ಕೆ ಇಲ್ಲಿ ಜೀವ ಬರುತ್ತದೆ. ‘ನಂತರ’ ಎಂಬ ಶಬ್ದವೂ ಹಾಗೆಯೇ ಮೋಸದ್ದು: ಕೂಡಲೇ ನಂತರವೋ, ಆ ದಿನ ಮುಗಿದ ನಂತರವೋ? ‘ಅವನು’, ‘ಅದು’ ಯಾರನ್ನು ಸೂಚಿಸುತ್ತವೆ? ಎಂಟನೆಯ ತರಗತಿಯ ಮಕ್ಕಳು ಒಂದೇ ವಾಕ್ಯವನ್ನು ಐದು ಬಾರಿ ತಿದ್ದಿದ್ದನ್ನು ನಾವು ಈ ಆಟದಲ್ಲಿ ಮಾತ್ರ ಕಂಡಿದ್ದೇವೆ. ಪರೀಕ್ಷೆಯಲ್ಲಿ ಇದರಿಂದ ಅಂಕ ಬರುತ್ತದೆಯೇ ಎಂದು ಪೋಷಕರು ಕೇಳುವುದು ಸಹಜ. ಪ್ರಶ್ನೆಯನ್ನು ಸರಿಯಾಗಿ ಓದಿ, ಕೇಳಿದ್ದಕ್ಕಷ್ಟೇ ಉತ್ತರ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ನೇರವಾದ ತರಬೇತಿ ನಮಗೆ ತಿಳಿಯದು.

ಶಬ್ದ ಕಟ್ಟುವ ಆಟ ಬೇಕೆಂಬ ಬೇಡಿಕೆಯೂ ಇದೆ. ‘ಸ್ಕ್ರ್ಯಾಬಲ್’ ಆಟವನ್ನು ಹಾಗೆಯೇ ಕನ್ನಡಕ್ಕೆ ಇಳಿಸಲು ಹೊರಟವರು ಬೇಗ ದಣಿಯುತ್ತಾರೆ. ಅದನ್ನು ರೂಪಿಸಿದ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಒಬ್ಬ ವಾಸ್ತುಶಿಲ್ಪಿ. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಕೂತು ಎಣಿಸಿ, ಅದರಂತೆ ಬಿಲ್ಲೆಗಳ ಸಂಖ್ಯೆಯನ್ನೂ ಬೆಲೆಯನ್ನೂ ನಿಗದಿ ಮಾಡಿದರು. ಇಂಗ್ಲಿಷಿನ 26 ಅಕ್ಷರಗಳಿಗೆ 100 ಬಿಲ್ಲೆ ಸಾಕಾಯಿತು. ಕನ್ನಡದಲ್ಲಿ 34 ವ್ಯಂಜನಗಳ ಗುಣಿತಾಕ್ಷರಗಳೇ ನಾನೂರನ್ನು ದಾಟುತ್ತವೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಬಿಲ್ಲೆಯ ಮೇಲೆ ಮೂಲ ವ್ಯಂಜನವನ್ನಷ್ಟೇ ಬರೆದು, ಕಾಗುಣಿತವನ್ನು ಆಡುವವರ ಇಷ್ಟಕ್ಕೆ ಬಿಡುವುದೊಂದೇ ನಡೆಯುವ ದಾರಿ: ‘ಕ, ಲ’ ಎರಡು ಬಿಲ್ಲೆ ಇಟ್ಟವರು ಅದನ್ನು ಕಲೆ, ಕಾಲ, ಕಾಲು, ಕೋಲು, ಕೂಲಿ ಎಂದು ಓದಬಹುದು. ಒಂದೇ ಜೋಡಿಯಿಂದ ಹೆಚ್ಚು ಶಬ್ದ ಹೇಳಿದವರಿಗೆ ಹೆಚ್ಚು ಅಂಕ. ಎಣಿಸುವ ಕೆಲಸವನ್ನು ಮಾತ್ರ ಬಟ್ಸರಂತೆ ಪತ್ರಿಕೆಯ ಮೊದಲ ಪುಟ ಹಿಡಿದು ಮಕ್ಕಳೇ ಮಾಡಲಿ. ಝ, ಙ, ಞಗಳಿಗೆ ಬಿಲ್ಲೆ ಬೇಕೇ ಬೇಡವೇ ಎಂಬುದು ಅವರಿಗೆ ಒಂದೇ ಪುಟದಲ್ಲಿ ತಿಳಿಯುತ್ತದೆ.

ಆಟ ಸಿದ್ಧವಾದ ಮೇಲೆ ಅದು ಯಾರದು? ಇಲ್ಲಿ ಒಂದು ಹಳೆಯ ಕಥೆಯನ್ನು ತಿಳಿದಿರುವುದು ಒಳ್ಳೆಯದು. ಅಮೆರಿಕದ ಎಲಿಜಬೆತ್ ಮೇಗಿ ಎಂಬಾಕೆ ಭೂಮಿಯ ಒಡೆತನ ಕೆಲವರ ಕೈಯಲ್ಲೇ ಸೇರಿದರೆ ಏನಾಗುತ್ತದೆಂದು ಜನರಿಗೆ ತೋರಿಸಲು ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಆಟವನ್ನು ಕಟ್ಟಿ, 1904ರಲ್ಲಿ ಪೇಟೆಂಟ್ ಪಡೆದರು. ಜನ ಅದನ್ನು ಅಂಗಡಿಯಿಂದ ಕೊಳ್ಳುವುದಕ್ಕಿಂತ ಕೈಯಿಂದ ನಕಲು ಮಾಡಿಕೊಂಡದ್ದೇ ಹೆಚ್ಚು. ಹಲಗೆಯ ಮೇಲೆ ತಮ್ಮ ತಮ್ಮ ಊರಿನ ಬೀದಿಗಳ ಹೆಸರು ಬರೆದುಕೊಂಡರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ಬರೆದ ಬೀದಿಗಳ ಹೆಸರೇ ಕೊನೆಗೆ ನಿಂತಿತು. ಆ ನಕಲೊಂದನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬಾತ ಅದನ್ನು ‘ಮೊನೊಪೊಲಿ’ ಎಂಬ ಹೆಸರಿನಲ್ಲಿ 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿಗೆ ಮಾರಿದ. ಕಂಪೆನಿ ಮೇಗಿಯವರ ಪೇಟೆಂಟನ್ನು 500 ಡಾಲರಿಗೆ ಕೊಂಡಿತು. ಒಡೆತನದ ದುರಾಸೆಯನ್ನು ತೋರಿಸಲು ಹುಟ್ಟಿದ ಆಟ ಅದನ್ನೇ ಕೊಂಡಾಡುವ ಆಟವಾಗಿ ಮನೆಮನೆಗೆ ಹೋಯಿತು. ಕಟ್ಟಿದಾಕೆಯ ಹೆಸರು ದಶಕಗಳ ಕಾಲ ಮರೆಯಾಯಿತು. 1970ರ ದಶಕದಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಕಂಪೆನಿಯೊಂದಿಗೆ ನಡೆಸಿದ ಮೊಕದ್ದಮೆಯ ಸಂದರ್ಭದಲ್ಲಿ ಆ ಹೆಸರು ಮತ್ತೆ ಬೆಳಕಿಗೆ ಬಂತು.

ಊರೂರಿಗೆ ನಕಲಾಗಿ, ಬೀದಿಗಳ ಹೆಸರು ಬದಲಾಗುತ್ತ ಹರಡಿದ್ದು ಆ ಆಟದ ಬಲ. ಕಟ್ಟಿದವರ ಹೆಸರನ್ನು ಯಾರೂ ಜೊತೆಗೆ ಒಯ್ಯದಿದ್ದುದು ಅದರ ದುರದೃಷ್ಟ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತಪ್ಪಿಸುವುದು ಕಷ್ಟವಲ್ಲ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಬಂದಿದ್ದ ಕೆಲವು ಜರ್ಮನ್ ಆಟಕರ್ತರು, ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲವೆಂದು ಬಿಯರ್ ಲೋಟದಡಿ ಇಡುವ ರಟ್ಟಿನ ಬಿಲ್ಲೆಯ ಮೇಲೆ ಬರೆದು ಸಹಿ ಹಾಕಿದರು. ಪುಸ್ತಕಕ್ಕೆ ಲೇಖಕರಿರುವಂತೆ ಆಟಕ್ಕೂ ಕರ್ತರಿದ್ದಾರೆಂಬುದು ಅಲ್ಲಿ ಈಗ ರೂಢಿಯ ಮಾತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸರಳವಾಗಿದೆ. ಆಟ ಆಡುವ ವಿಧಾನವು ಆವಿಷ್ಕಾರವಲ್ಲವೆಂದು 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಆದ್ದರಿಂದ ಸುರಂಗದ ನಿಯಮಗಳಿಗೆ ಪೇಟೆಂಟ್ ಇಲ್ಲ. ಆಟದ ಕಲ್ಪನೆಗೆ ಹಕ್ಕುಸ್ವಾಮ್ಯವೂ ಇಲ್ಲ. ಆದರೆ ನಿಯಮಪತ್ರದ ಬರಹ, ಚೀಟಿಗಳ ಚಿತ್ರ ಇವು 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಬರೆದವರವು, ನೋಂದಣಿ ಮಾಡಿಸದಿದ್ದರೂ. ಅದೇ ಕಾಯಿದೆಯ 57ನೆಯ ಕಲಮು, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಕೊಡುತ್ತದೆ. ಅಂಗಡಿಯ ಆಟವೊಂದರ ಚಿತ್ರಗಳನ್ನೋ ಹೆಸರನ್ನೋ ನಾವು ಎತ್ತಿಕೊಳ್ಳುವಂತಿಲ್ಲ. ಆದರೆ ಅದರಿಂದ ಒಂದು ಉಪಾಯವನ್ನು ಕಲಿತು ನಮ್ಮದೇ ಮಾತುಗಳಲ್ಲಿ, ನಮ್ಮದೇ ಚಿತ್ರಗಳಲ್ಲಿ ಬೇರೆ ಆಟ ಕಟ್ಟಲು ಅಡ್ಡಿಯಿಲ್ಲ. ‘ಹೆಸರು ಉಳಿಸಿ ಯಾರೂ ನಕಲು ಮಾಡಬಹುದು, ಬದಲಿಸಬಹುದು’ ಎಂದು ಹಾಳೆಯ ಮೇಲೆ ನಾವೇ ಬರೆದರೆ ಅನುಮತಿ ಕೊಟ್ಟಂತಾಯಿತು. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳು ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತವೆ.

ಗಡಿಯ ಕನ್ನಡಿಗರಿಗೆ ಈ ಅನುಮತಿ ಮುಖ್ಯ. ‘ಸುರಂಗ’ದ ಹಾಳೆ ಅಕ್ಕಲಕೋಟೆಗೋ ಜತ್ತಿಗೋ ಹೋದರೆ ಅಲ್ಲಿಯ ಮಕ್ಕಳಿಗೆ ಮುರಕಲ್ಲು ತಿಳಿಯದು. ಅವರು ಸುರಂಗವನ್ನು ಬಾವಿ ಮಾಡಿಕೊಳ್ಳಲಿ. ಮುರಕಲ್ಲಿನ ಜಾಗದಲ್ಲಿ ಗರಸು, ಮೆದುಮಣ್ಣಿನ ಜಾಗದಲ್ಲಿ ಎರೆಮಣ್ಣು ಬರಲಿ. ಅಂಕಿಗಳು ಹಾಗೆಯೇ ನಿಲ್ಲುತ್ತವೆ, ಶಬ್ದಗಳು ಬದಲಾಗುತ್ತವೆ. ಆ ಬದಲಾದ ಹಾಳೆ ನಮಗೆ ಮರಳಿ ಬಂದರೆ ಎರೆ, ಗರಸು ಎಂಬ ಮಾತುಗಳನ್ನು ಕಾಸರಗೋಡಿನ ಮಗು ಆಡುತ್ತ ಕಲಿಯುತ್ತದೆ. ಯಾವ ರಾಜ್ಯದ ಪಾಠಪುಸ್ತಕವೂ ಅವನ್ನು ಅದಕ್ಕೆ ಕಲಿಸುವ ಸಂಭವವಿಲ್ಲ. ತಾಳವಾಡಿ, ಹೊಸೂರು, ಆದವಾನಿ ಕಡೆಯ ಶಾಲೆಗಳಿಂದಲೂ ಇಂಥ ಹಾಳೆಗಳು ಬರಬಹುದು.

ಹಂಚಲು ಒಂದೇ ಎ4 ಹಾಳೆ ಸಾಕು, ಕಪ್ಪು-ಬಿಳುಪಿನಲ್ಲಿ. ಬಣ್ಣದ ಮುದ್ರಣ ಕೇಳುವ ಆಟ ಎರಡನೆಯ ಮನೆಗೆ ಹೋಗುವುದಿಲ್ಲ. ಬಣ್ಣದಿಂದ ಗುರುತಿಸುವ ಬದಲು ಗೆರೆ, ಚುಕ್ಕಿ, ಅಲೆಗಳಿಂದ ಗುರುತಿಸಿ. ಒಂದು ಬದಿಯಲ್ಲಿ ನಿಯಮ, ಇನ್ನೊಂದು ಬದಿಯಲ್ಲಿ ಕತ್ತರಿಸಬೇಕಾದ ಚೀಟಿಗಳು ಎಂದು ಮಾಡಬೇಡಿ, ಚೀಟಿ ಕತ್ತರಿಸಿದಾಗ ನಿಯಮವೂ ತುಂಡಾಗುತ್ತದೆ. ಚೀಟಿಗಳ ಪಟ್ಟಿಯನ್ನಷ್ಟೇ ಕೊಟ್ಟು ಅವರೇ ಬರೆದುಕೊಳ್ಳಲಿ. ಮೇಲ್ಗಡೆ ಆಟದ ಹೆಸರು, ಎಷ್ಟು ಮಂದಿ, ಎಷ್ಟು ಹೊತ್ತು, ಯಾವ ತರಗತಿಯಿಂದ ಮೇಲಿನವರಿಗೆ, ಎಷ್ಟನೆಯ ಆವೃತ್ತಿ, ಯಾವ ತಿಂಗಳು ಎಂಬುದಿರಲಿ. ಮಕ್ಕಳ ಮೊದಲ ಹೆಸರೂ ಊರೂ ಸಾಕು, ದೂರವಾಣಿ ಸಂಖ್ಯೆ ಬೇಡ. ಸಂಪರ್ಕ ಶಿಕ್ಷಕರ ಮೂಲಕ ನಡೆಯಲಿ. ಕೆಳಗಡೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟು, ‘ನಿಮ್ಮ ಊರಿನಲ್ಲಿ ಬದಲಿಸಿದ್ದು’ ಎಂದು ಬರೆದಿಡಿ.